‘ಬೆಲೇಂ ಗೋಪುರ’ವೋ, ಬೆಲೇಂ ಹುಡೇವೋ?

ಬಲ್ಲವರಿಗೆ ನಮಸ್ಕಾರ. ಮಕ್ಕಳಿಗಾಗಿ ಪೋರ್ಚುಗಲ್ ದೇಶದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಲಿಸ್ಬನ್ನಿನ ‘ತೊರ್ರೆ ದೆ ಬೆಲೇಂ’ ಎಂಬಲ್ಲಿಗೆ ಬಂದು ಲೇಖನಿ ನಿಂತಿದೆ. ‘ಬೆಲೇಂ ಗೋಪುರ’ ಎಂದು ಬರೆದುಬಿಡಬಹುದು. ಆದರೆ ಗೋಪುರ ಎಂದ ಕೂಡಲೇ ನಮ್ಮ ಮಗುವಿನ ಕಣ್ಣಿಗೆ ಕಟ್ಟುವುದು ಹಂಪಿಯ ವಿರೂಪಾಕ್ಷನ ಹೆಬ್ಬಾಗಿಲು. ಬೆಲೇಂನದು ಕಾವಲಿನ ಕಟ್ಟಡ. ತೇಜೊ ನದಿಯಲ್ಲಿ ಲಿಸ್ಬನ್ನಿನತ್ತ ಬರುವ ಹಡಗುಗಳ ಮೇಲೆ ಕಣ್ಣಿಡಲೆಂದು ದೊರೆ ಒಂದನೇ ಮನುವೆಲ್ 1514ರಲ್ಲಿ ಅದರ ಕೆಲಸ ಶುರುಮಾಡಿಸಿದ. ವಾಸ್ಕೋ ಡ ಗಾಮ 1497ರಲ್ಲಿ ನಮ್ಮ ಕಡೆಗೆ ಹೊರಟದ್ದೂ ಆ ದಂಡೆಯಿಂದಲೇ.

ತೊಡಕು ಇರುವುದು ಕಟ್ಟಡದ ಆಕಾರದಲ್ಲಿ. ಮುಂದೆ, ನೀರಿನೊಳಕ್ಕೆ ಚಾಚಿದ ಆರು ಮೂಲೆಯ ತಗ್ಗು ಭಾಗ. ಅದರ ಗೋಡೆಯ ತುಂಬ ಫಿರಂಗಿ ಕಿಂಡಿಗಳು. ಅದರ ಬೆನ್ನಿಗೆ ನಾಲ್ಕು ಅಂತಸ್ತಿನ ಎತ್ತರದ ಚೌಕ ಭಾಗ. ಪೋರ್ಚುಗೀಸರು ಮುಂದಿನದನ್ನು ‘ಬಲುಆರ್ತೆ’ ಎನ್ನುತ್ತಾರೆ, ಹಿಂದಿನದನ್ನು ‘ತೊರ್ರೆ’. ಎರಡನ್ನೂ ಗೋಪುರದಲ್ಲೇ ಅದುಮಿದರೆ ಕಟ್ಟಡವೇ ಅರ್ಥವಾಗುವುದಿಲ್ಲ.

ಕೋಟೆಗಳ ನಾಡಿನವರಾದ ನಮಗೆ ಪದಗಳ ಬಡತನವಿಲ್ಲ. ಬಲುಆರ್ತೆಗೆ ‘ಕೊತ್ತಲ’ ಸರಿಯಾಗಿ ಕೂರುತ್ತದೆ ಎಂದು ನನ್ನ ಅನಿಸಿಕೆ. ಕೋಟೆಕೊತ್ತಲ ಎಂದು ಜೋಡಿಯಾಗಿ ಆಡಿ ಆಡಿ, ಕೋಟೆಯ ಗೋಡೆಯಿಂದ ಹೊರಚಾಚಿದ ಕಾವಲಿನ ಭಾಗ ಎಂಬ ಅದರ ಬಿಡಿ ಅರ್ಥವನ್ನು ಮರೆತಿದ್ದೇವೆ, ಅಷ್ಟೆ. ಅರಬ್ಬಿಯಿಂದ ಬಂದ ‘ಬುರುಜು’ ಇದೆ. ಚಿತ್ರದುರ್ಗದಲ್ಲಿ ‘ಬತೇರಿ’ ಎನ್ನುತ್ತಾರೆ, ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿಯೇ ನಿಂತಿದೆ. ಅದೂ ಹೊಳೆಯ ಹಡಗುದಾರಿ ಕಾಯಲು ಕಟ್ಟಿದ್ದೇ ಆದ್ದರಿಂದ ಈ ಹೋಲಿಕೆ ಕರಾವಳಿಯ ಮಕ್ಕಳಿಗೆ ತಟ್ಟನೆ ತಾಗೀತು.

ಎತ್ತರದ ಭಾಗಕ್ಕೆ ನನ್ನ ಒಲವು ‘ಹುಡೇವು’ ಪದದ ಮೇಲೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಊರ ಕಾವಲಿಗೆಂದು ಕಟ್ಟಿದ, ಈಗ ಅರ್ಧಂಬರ್ಧ ಕುಸಿದು ನಿಂತಿರುವ ಹುಡೇವುಗಳನ್ನು ನೋಡಿದವರಿಗೆ ಅದರ ಕೆಲಸ ಏನೆಂದು ಹೇಳಬೇಕಿಲ್ಲ. ದಕ್ಷಿಣದವರಿಗೆ ಪದ ಹೊಸದಾದೀತು. ಹೊಸದಾದರೆ ಕಲಿಯಲಿ, ಕನ್ನಡದ್ದೇ ತಾನೆ!

ಇನ್ನೊಂದು ಸಂಗತಿ ಬಿಡಲು ಮನಸ್ಸಾಗುತ್ತಿಲ್ಲ. ಆ ಕಟ್ಟಡದ ಕಾವಲುಗೂಡೊಂದರ ಬುಡದಲ್ಲಿ ಘೇಂಡಾಮೃಗದ ತಲೆ ಕೆತ್ತಿದ್ದಾರೆ. ಗುಜರಾತಿನ ಸುಲ್ತಾನ ಕಾಣಿಕೆಯಾಗಿ ಕೊಟ್ಟ ಪ್ರಾಣಿಯೊಂದು 1515ರ ಮೇ ತಿಂಗಳಲ್ಲಿ ಹಡಗಿನಲ್ಲಿ ಲಿಸ್ಬನ್ನಿಗೆ ಬಂದಿಳಿದಿತ್ತು. ಪೋರ್ಚುಗೀಸರು ಅದನ್ನು ಕರೆದದ್ದು ‘ಗಂಡಾ’ ಎಂದು, ನಮ್ಮ ದೇಶದ ಹೆಸರಿನಿಂದಲೇ. ಸಂಸ್ಕೃತದ ಗಂಡಕ, ನಮ್ಮ ಘೇಂಡಾ ಅದೇ ಬಳ್ಳಿಯವು. ಹಾಗಾಗಿ ಇಲ್ಲಿ ‘ಖಡ್ಗಮೃಗ’ ಬಿಟ್ಟು ‘ಘೇಂಡಾಮೃಗ’ವನ್ನೇ ಬಳಸುತ್ತೇನೆ. ಫಿರಂಗಿಯ ಕಥೆಯೂ ಹೀಗೇ: ಯುರೋಪಿನವರಿಗೆ ನಾವಿಟ್ಟ ಪರಂಗಿ ಎಂಬ ಹೆಸರೇ ಅವರ ತೋಪಿಗೂ ಅಂಟಿತು, ಹಣ್ಣಿಗೂ ಅಂಟಿತು.

ಪಕ್ಕದ ಜೆರೋನಿಮೋಸ್‌ಗೆ ಚಿಂತೆಯಿಲ್ಲ. ಸನ್ಯಾಸಿಗಳಿದ್ದ ಜಾಗ, ‘ಮಠ’ ಸಾಕು. ಅದರೊಳಗಿನ, ಗಾಮನ ಸಮಾಧಿಯಿರುವ ಚರ್ಚಿಗೆ ಕರಾವಳಿಯ ‘ಇಗರ್ಜಿ’ ಇದೆ, ಅದು ಪೋರ್ಚುಗೀಸಿನಿಂದಲೇ ಬಂದ ಪದ.

ಪೋರ್ಚುಗಲ್ಲಿನ ಬಾವುಟದ ಮೇಲೆ ಬಳೆ ಬಳೆಯಾಗಿ ಹೆಣೆದ ಖಗೋಳದ ಉಪಕರಣವೊಂದಿದೆ. ಬೆಲೇಂನ ಗೋಡೆಯ ಮೇಲೂ ಅದೇ ಕೆತ್ತನೆ. ನಮ್ಮ ಜ್ಯೋತಿಷಿಗಳ ‘ಗೋಲಯಂತ್ರ’ ಅದಕ್ಕೆ ಒಪ್ಪುತ್ತದೆಯೇ? ಕೊತ್ತಲ, ಹುಡೇವು ಎರಡನ್ನೂ ಈಗಲೂ ಮಾತಿನಲ್ಲಿ ಬಳಸುವವರು ನಿಮ್ಮೂರಿನಲ್ಲಿದ್ದರೆ, ಯಾವುದಕ್ಕೆ ಏನೆನ್ನುತ್ತಾರೆ ಎಂದು ದಯವಿಟ್ಟು ತಿಳಿಸಿ.