ಕರುಳಿನ ಲೋಳೆ ತಿನ್ನುವ ಬ್ಯಾಕ್ಟೀರಿಯಾ: ‘ಶ್ಲೇಷ್ಮಪ್ರಿಯ’ ಸರಿಯೇ?

ಪ್ರಶ್ನೆ:
ಬಲ್ಲವರೆ, ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರಕ್ಕೆಂದು ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ವಿಷಯ ಅಕರ್‌ಮ್ಯಾನ್ಸಿಯಾ ಮ್ಯೂಸಿನಿಫಿಲಾ ಎಂಬ ಬ್ಯಾಕ್ಟೀರಿಯಾ. ಕರುಳಿನ ಒಳಗೋಡೆಯ ಲೋಳೆಯಲ್ಲಿರುವ ಮ್ಯೂಸಿನ್ ಎಂಬ ಪ್ರೋಟೀನೇ ಇದರ ಆಹಾರ. ಆದರೂ ಬೊಜ್ಜು ಬೆಳೆದ ಇಲಿಗಳಲ್ಲಿ ತೆಳುವಾಗಿದ್ದ ಲೋಳೆ ಪದರ ಇದನ್ನು ಕೊಟ್ಟಾಗ ಮತ್ತೆ ದಪ್ಪವಾಗಿದೆ. ‘ಮ್ಯೂಸಿನಿಫಿಲಾ’ ಎಂದರೆ ಮ್ಯೂಸಿನ್ ಇಷ್ಟಪಡುವಂಥದ್ದು, ಅದಕ್ಕೆ ‘ಶ್ಲೇಷ್ಮಪ್ರಿಯ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ? ಆರೋಗ್ಯಕ್ಕೆಂದು ಸೇವಿಸುವ ಅಣುಜೀವಿಗಳನ್ನು ಪ್ರೋಬಯೋಟಿಕ್ ಎನ್ನುತ್ತಾರಲ್ಲ, ಅದಕ್ಕೂ ಒಂದು ಪದ ಬೇಕು.

ಉತ್ತರ 1:
ನಡೆಯುವುದಿಲ್ಲ. ಶ್ಲೇಷ್ಮ ಎಂದ ಕೂಡಲೇ ಜನರಿಗೆ ನೆನಪಾಗುವುದು ನೆಗಡಿ, ಕೆಮ್ಮು, ಕಫ. ಲೋಳೆಸರದ ಎಲೆ ಸೀಳಿದವರಿಗೆಲ್ಲ ಲೋಳೆ ಗೊತ್ತು. ‘ಲೋಳೆಯುಣಿ’ ಎನ್ನಿ.

ಉತ್ತರ 2:
‘ಲೋಳೆಯುಣಿ’ ಎಂದರೆ ದನದ ಕಿವಿಗೆ ಕಚ್ಚಿಕೊಳ್ಳುವ ಉಣ್ಣಿ ಕಣ್ಣಿಗೆ ಬರುತ್ತದೆ. ಇದು ಪದ ಕಟ್ಟುವ ಬಗೆಯೇ? ‘ಶ್ಲಿಷ್’ ಎಂದರೆ ಅಂಟು, ಅಪ್ಪು. ಶ್ಲೇಷಾಲಂಕಾರ, ಆಶ್ಲೇಷಾ ನಕ್ಷತ್ರ, ಶ್ಲೇಷ್ಮ ಮೂರೂ ಅದೇ ಧಾತುವಿನಿಂದ ಬಂದವು. ಕರುಳಿನ ಗೋಡೆಯನ್ನು ಅಪ್ಪಿಕೊಂಡ ಪದರಕ್ಕೆ ಇದಕ್ಕಿಂತ ಒಪ್ಪುವ ಪದವಿಲ್ಲ. ಸಂಸ್ಕೃತವೆಂದು ಶ್ಲೇಷ್ಮವನ್ನು ಹೊರದಬ್ಬುವವರು ಸಕ್ಕರೆಯನ್ನೂ ದಬ್ಬಲಿ, ಅದು ಶರ್ಕರಾ.

ಉತ್ತರ 1, ಮತ್ತೆ:
ಸಕ್ಕರೆ ನಮ್ಮ ನಾಲಿಗೆಗೆ ಒಗ್ಗಿ, ರೂಪ ಬದಲಿಸಿಕೊಂಡು ನಮ್ಮದಾಗಿದೆ. ದವಾಖಾನೆಯೂ ಹಾಗೆಯೇ. ಎರವಲಿಗೆ ನನ್ನ ತಕರಾರಿಲ್ಲ. ನಮ್ಮಲ್ಲೇ ಪದವಿರುವಾಗ ತಂದದ್ದಕ್ಕೆ ತಕರಾರು.

ಉತ್ತರ 3:
ಹೆಸರನ್ನು ಯಾಕೆ ಅನುವಾದಿಸುತ್ತೀರಿ? 2004ರಲ್ಲಿ ನೆದರ್ಲೆಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದವರು ಇದನ್ನು ವಿವರಿಸಿದಾಗ ಡಚ್ ಸೂಕ್ಷ್ಮಜೀವಿ ವಿಜ್ಞಾನಿ ಆಂಟೂನ್ ಅಕರ್‌ಮನ್ಸ್ ಅವರ ಹೆಸರಿಟ್ಟರು. ‘ಅಕರ್‌ಮ್ಯಾನ್ಸಿಯಾ’ ಎಂದೇ ಬರೆದು, ಪಕ್ಕದಲ್ಲಿ ‘ಕರುಳಿನ ಲೋಳೆಯಲ್ಲಿ ಬದುಕುವ ಬ್ಯಾಕ್ಟೀರಿಯಾ’ ಎಂದರೆ ಸಾಕು.

ನಿಜವಾದ ತೊಡಕು ಪ್ರೋಬಯೋಟಿಕ್. ಅದು ಜೀವಂತ ಅಣುಜೀವಿಗಳಿಗೆ ಮಾತ್ರ ಸಲ್ಲುವ ಪದ. 2019ರಲ್ಲಿ ಪ್ರಕಟವಾದ ಬೆಲ್ಜಿಯಂನ ಪ್ರಯೋಗದಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಬಗೆಯನ್ನು ಸುಧಾರಿಸಿದ್ದು ಪಾಶ್ಚರೀಕರಿಸಿದ ಅಕರ್‌ಮ್ಯಾನ್ಸಿಯಾ. ಹಾಗಾಗಿ ‘ಪ್ರೋಬಯೋಟಿಕ್’ ಬದಲು ‘ಬಿಸಿಯಲ್ಲಿ ನಿರ್ಜೀವಗೊಳಿಸಿದ’ ಎಂದು ಬಿಡಿಸಿ ಬರೆಯಿರಿ. ಪ್ರಯೋಗವನ್ನು ಪೂರ್ತಿ ಮುಗಿಸಿದವರು 32 ಮಂದಿ, ಅವಧಿ ಮೂರು ತಿಂಗಳು. ಅವರೆಲ್ಲ ಮೈತೂಕ ಹೆಚ್ಚಿದ್ದು ಇನ್ಸುಲಿನ್ ಪ್ರತಿರೋಧ ಇದ್ದವರು, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದವರು. ಕರಪತ್ರದಲ್ಲಿ ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂಬ ಸಾಲೇನಾದರೂ ಇದ್ದರೆ ಅಚ್ಚಿಗೆ ಕೊಡುವ ಮೊದಲು ಹೊಡೆದುಹಾಕಿ. ಅದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು.