ಟ್ಯಾಲಿ ಫೋಲ್ಡರ್ ಅಳಿಸಿಹೋಯಿತು: ಎಲ್ಲರೂ ಬಳಸುವ ಡ್ರೈವ್ ಕಾಪಾಡುವುದು ಹೇಗೆ?

ಪ್ರಶ್ನೆ (ಘಾಟ್‌ಕೋಪರ್): ಸರ್, ನಮ್ಮದು ಎಂಟು ಜನರ ಅಕೌಂಟ್ಸ್ ಕಚೇರಿ. ಟ್ಯಾಲಿ ಡೇಟಾ, ಎಕ್ಸೆಲ್, ಸ್ಕ್ಯಾನ್ ಎಲ್ಲಾ ವಿಂಡೋಸ್ ಸರ್ವರ್‌ನ ಶೇರ್ ಡ್ರೈವ್‌ನಲ್ಲಿವೆ. ಹೊಸದಾಗಿ ಸೇರಿದ ಹುಡುಗ ಜಾಗ ಖಾಲಿ ಮಾಡುತ್ತೇನೆ ಅಂತ 10004, 10007 ಅನ್ನೋ ಹೆಸರಿನ ಫೋಲ್ಡರ್ ಅಳಿಸಿಬಿಟ್ಟ. ಅವು ಎರಡು ಕಂಪನಿಗಳ ಲೆಕ್ಕ! ರಿಸೈಕಲ್ ಬಿನ್‌ನಲ್ಲೂ ಇರಲಿಲ್ಲ. ಪುಣ್ಯಕ್ಕೆ ಪೆನ್‌ಡ್ರೈವ್‌ನಲ್ಲಿ ಹಳೇ ಕಾಪಿ ಇತ್ತು, ಆಮೇಲಿನ ಎಂಟ್ರಿ ಎಲ್ಲಾ ಮತ್ತೆ ಹೊಡೆದೆವು. ಡಿಲೀಟ್ ಹಕ್ಕನ್ನೇ ಎಲ್ಲರಿಂದ ಕಿತ್ತುಕೊಂಡರೆ ಹೇಗೆ?

ಉತ್ತರ: ಮೇಡಂ, ಹುಡುಗನನ್ನು ಜಾಸ್ತಿ ಬೈಬೇಡಿ. ಟ್ಯಾಲಿ ಕಂಪನಿಯ ಹೆಸರಿಡದೆ ಬರೀ ನಂಬರ್ ಹಾಕುತ್ತದೆ, ಗೊತ್ತಿಲ್ಲದವರಿಗೆ ಅದು ಕಸದ ಹಾಗೇ ಕಾಣುತ್ತದೆ. ಬಿನ್ ಇರುವುದು ನಿಮ್ಮ ಕಂಪ್ಯೂಟರಿನ ಸ್ವಂತ ಡಿಸ್ಕಿಗೆ. ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ್ದು ಅಲ್ಲಿಗೆ ಬರುವುದೇ ಇಲ್ಲ. ‘ಶಾಶ್ವತವಾಗಿ ಅಳಿಸಲೇ?’ ಅಂತ ವಿಂಡೋಸ್ ಕೇಳುತ್ತದೆ, ನಾವು ಓದದೆ ಎಂಟರ್ ಒತ್ತುತ್ತೇವೆ.

ಡಿಲೀಟ್ ಹಕ್ಕು ಪೂರ್ತಿ ತೆಗೆದರೆ ಮಾರನೇ ದಿನವೇ ಎಲ್ಲರೂ ನಿಮ್ಮ ಟೇಬಲ್ ಮುಂದೆ ನಿಲ್ಲುತ್ತಾರೆ. ಎಕ್ಸೆಲ್ ಸೇವ್ ಮಾಡುವಾಗ ಮೊದಲು ಒಂದು ತಾತ್ಕಾಲಿಕ ಫೈಲ್ ಬರೆಯುತ್ತದೆ, ಹಳೆಯದನ್ನು ಅಳಿಸುತ್ತದೆ, ಆಮೇಲೆ ಹೊಸದಕ್ಕೆ ಆ ಹೆಸರು ಕೊಡುತ್ತದೆ. ಅಳಿಸುವ ಹಕ್ಕಿಲ್ಲದಿದ್ದರೆ ಸೇವ್ ಕೂಡ ಕೈಕೊಡುತ್ತದೆ.

ಹಾಗಾಗಿ ಮೇಲಿನ ಮಟ್ಟದಲ್ಲಿ ಮಾತ್ರ ಬಿಗಿ ಮಾಡಿ. ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್, ಅಲ್ಲಿ ಅಡ್ವಾನ್ಸ್ಡ್. ‘ಡಿಲೀಟ್’ ಒಂದು ಟಿಕ್, ‘ಡಿಲೀಟ್ ಸಬ್‌ಫೋಲ್ಡರ್ಸ್ ಆ್ಯಂಡ್ ಫೈಲ್ಸ್’ ಇನ್ನೊಂದು. ಬಹಳ ಜನ ಮೊದಲನೆಯದನ್ನು ಮಾತ್ರ ತೆಗೆದು ಸುಮ್ಮನಾಗುತ್ತಾರೆ. ಆದರೆ ಹೊರಗಿನ ಫೋಲ್ಡರ್‌ನಲ್ಲಿ ಎರಡನೆಯ ಟಿಕ್ ಉಳಿದಿದ್ದರೆ ಒಳಗಿನದನ್ನು ಆರಾಮಾಗಿ ಅಳಿಸಬಹುದು. 10004ರಂಥ ಫೋಲ್ಡರ್‌ನಲ್ಲೂ ಅದರ ಹೊರಗಿನ ಫೋಲ್ಡರ್‌ನಲ್ಲೂ ಎರಡನ್ನೂ ತೆಗೆಯಿರಿ, ‘ದಿಸ್ ಫೋಲ್ಡರ್ ಓನ್ಲಿ’ ಅಂತ ಆರಿಸಿ. ಆಗ 10004 ಅನ್ನು ಬೇರೆ ಕಡೆ ಸರಿಸಲು, ಹೆಸರು ಬದಲಿಸಲು ಆಗುವುದಿಲ್ಲ, ಒಳಗಿನ ಕೆಲಸ ಮಾತ್ರ ಎಂದಿನಂತೆ ನಡೆಯುತ್ತದೆ. ಆದರೂ ಖಾಲಿ ಫೋಲ್ಡರ್ ಉಳಿದು ಅದರೊಳಗಿನ ಫೈಲ್‌ಗಳು ಹೋಗುವ ಸಾಧ್ಯತೆ ಇದ್ದೇ ಇದೆ.

ಅದಕ್ಕೇ ನಾನು ಹಕ್ಕುಗಳಿಗಿಂತ ಶ್ಯಾಡೋ ಕಾಪಿಯನ್ನೇ ಜಾಸ್ತಿ ನಂಬುತ್ತೇನೆ. ಅಂದರೆ ಡ್ರೈವ್ ಒಂದು ಹೊತ್ತಿನಲ್ಲಿ ಹೇಗಿತ್ತೋ ಹಾಗೇ ಸರ್ವರ್ ತೆಗೆದಿಡುವ ನಕಲು. ಆ ಸೌಲಭ್ಯ ನಿಮ್ಮ ಸರ್ವರ್‌ನಲ್ಲೇ ಇದೆ, ಆನ್ ಮಾಡಬೇಕು ಅಷ್ಟೇ. ಸುಮ್ನೆ ಆನ್ ಮಾಡಿ ಬಿಟ್ಟರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 12ಕ್ಕೆ ಮಾತ್ರ ತೆಗೆಯುತ್ತದೆ. ನಮ್ಮ ಕಡೆಯ ಅಕೌಂಟ್ಸ್ ಕಚೇರಿಗೆ ಶನಿವಾರ ರಜೆ ಎಲ್ಲಿ ಸ್ವಾಮಿ? ಶನಿವಾರವನ್ನೂ ಸೇರಿಸಿ, ಸಂಜೆ 4ಕ್ಕೆ ಇನ್ನೊಂದು ಇಡಿ. ಒಂದು ವಾಲ್ಯೂಮ್‌ಗೆ (ಅಂದರೆ ಸರ್ವರ್‌ನ ಒಂದು ಡ್ರೈವ್‌ಗೆ) 64 ಕಾಪಿ ತುಂಬಿದ ಮೇಲೆ ಹಳೆಯದು ತಾನೇ ಹೋಗುತ್ತದೆ. ಜಾಗ ಸಾಲದಿದ್ದರೆ ಅದಕ್ಕೂ ಮೊದಲೇ. ಫೋಲ್ಡರ್ ಅಳಿಸಿಹೋದರೆ ಅದು ಇದ್ದ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡಿ.

ಪ್ರಶ್ನೆ (ಘಾಟ್‌ಕೋಪರ್): ಸರ್, ಕೆಲವೊಮ್ಮೆ ಯಾರೂ ಅಳಿಸಿರುವುದಿಲ್ಲ, ಆದರೂ ಫೋಲ್ಡರ್ ಕಾಣೋದಿಲ್ಲ!

ಉತ್ತರ: ಮೊದಲು ಪಕ್ಕದ ಫೋಲ್ಡರ್ ಒಳಗೆ ಹುಡುಕಿ. ಮೌಸ್ ಒತ್ತಿಕೊಂಡೇ 4 ಪಿಕ್ಸೆಲ್ ಜರುಗಿದರೂ ವಿಂಡೋಸ್ ಅದನ್ನು ಎಳೆದದ್ದು ಅಂದುಕೊಳ್ಳುತ್ತದೆ. ಒಂದೇ ಡ್ರೈವ್ ಒಳಗೆ ಎಳೆದರೆ ಕಾಪಿ ಆಗದು, ಫೋಲ್ಡರೇ ಅತ್ತ ಹೋಗುತ್ತದೆ, ಅದೂ ಒಂದು ಮಾತು ಕೇಳದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಕಂಟ್ರೋಲ್ ಪ್ಯಾನಲ್, ಡೆಸ್ಕ್‌ಟಾಪ್ ಅಡಿಯಲ್ಲಿ ಡ್ರ್ಯಾಗ್‌ಹೈಟ್, ಡ್ರ್ಯಾಗ್‌ವಿಡ್ತ್ ಇವೆ. ಎರಡನ್ನೂ 40 ಮಾಡಿ, ಲಾಗ್ ಔಟ್ ಆಗಿ ಬನ್ನಿ. ಪ್ರತಿ ಕಂಪ್ಯೂಟರಿನಲ್ಲೂ ಮಾಡಬೇಕು.

ಪ್ರಶ್ನೆ (ಮುಲುಂಡ್): ನಮ್ಮಲ್ಲಿ ರೇಡ್ ಇದೆ, ಎರಡು ಡಿಸ್ಕ್‌ಗೂ ಒಂದೇ ಡೇಟಾ ಬರೆಯುತ್ತದೆ. ಸಾಕಲ್ವಾ?

ಉತ್ತರ: ಇಲ್ಲ. ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಡಿಸ್ಕ್ ಕೆಟ್ಟರೆ ಮಾತ್ರ ರೇಡ್ ಉಪಯೋಗ.

ಪ್ರಶ್ನೆ (ಡೊಂಬಿವಲಿ): ಅಣ್ಣ, ನಮ್ಮ ಸಂಘದ ರಾಜ್ಯೋತ್ಸವದ ಫೋಟೋಗಳೆಲ್ಲ ಒಬ್ಬ ಕಾರ್ಯಕರ್ತರ ಗೂಗಲ್ ಡ್ರೈವ್‌ನಲ್ಲಿದ್ದವು. ಅವರು ಊರಿಗೆ ಹೋಗುವಾಗ ಜಾಗ ತುಂಬಿದೆ ಅಂತ ಡಿಲೀಟ್ ಮಾಡಿದರು. ನಮಗೂ ಕಾಣುತ್ತಿಲ್ಲ.

ಉತ್ತರ: ಫೈಲ್ ಯಾರ ಹೆಸರಿನಲ್ಲಿದೆಯೋ ಅವರು ಅಳಿಸಿದರೆ ಹಂಚಿಕೊಂಡ ಎಲ್ಲರಿಗೂ ಹೋಗುತ್ತದೆ. ಈಗಲೇ ಅವರಿಗೆ ಫೋನ್ ಮಾಡಿ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಅವರೇ ವಾಪಸ್ ತೆಗೆಯಬೇಕು. ಮುಂದಕ್ಕೆ ಸಂಘದ ಹೆಸರಲ್ಲೇ ಒಂದು ಖಾತೆ ತೆರೆಯಿರಿ, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಹಣ ಕೊಟ್ಟು ಸಂಸ್ಥೆಗಳಿಗೆಂದೇ ಇರುವ ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಂಡರೆ ‘ಶೇರ್ಡ್ ಡ್ರೈವ್’ ಸಿಗುತ್ತದೆ. ಅದರಲ್ಲಿ ಫೈಲ್ ಸಂಸ್ಥೆಯ ಸ್ವತ್ತು. ಕಾರ್ಯಕರ್ತರಿಗೆ ‘ಕಾಂಟ್ರಿಬ್ಯೂಟರ್’ ಅಂತ ಕೊಡಿ. ಫೋಟೋ ಹಾಕಬಹುದು, ಅಳಿಸಲಾಗದು.

ಪ್ರಶ್ನೆ (ಘಾಟ್‌ಕೋಪರ್): ಶ್ಯಾಡೋ ಕಾಪಿ ಹಾಕಿಸಿದೆ ಸರ್. ಇನ್ನು ಪೆನ್‌ಡ್ರೈವ್ ಬೇಡ ತಾನೆ?

ಉತ್ತರ: ಪೆನ್‌ಡ್ರೈವ್ ಬೇಡ, ಆದರೆ ಹೊರಗೊಂದು ಕಾಪಿ ಬೇಕೇ ಬೇಕು. ಶ್ಯಾಡೋ ಕಾಪಿ ಇರುವುದೂ ಅದೇ ಸರ್ವರ್‌ನಲ್ಲಿ. ಅದು ಸುಟ್ಟರೆ, ಕಳವಾದರೆ ಎರಡೂ ಹೋದವು. ನಿಮ್ಮ ಕ್ಲೈಂಟ್‌ಗಳಲ್ಲಿ ಕಂಪನಿಗಳಿದ್ದರೆ ಕಾನೂನೂ ಇದನ್ನೇ ಹೇಳುತ್ತದೆ. 2022ರ ಆಗಸ್ಟ್ ತಿದ್ದುಪಡಿಯ ನಂತರ ಲೆಕ್ಕದ ಪುಸ್ತಕಗಳ ಬ್ಯಾಕಪ್ ದಿನಾ ಆಗಬೇಕು, ಭಾರತದಲ್ಲೇ ಇರುವ ಸರ್ವರ್‌ನಲ್ಲಿ. ಪುಸ್ತಕಗಳನ್ನು 8 ವರ್ಷ ಇಡಬೇಕು ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು. ಬ್ಯಾಕಪ್ ಓಡುತ್ತಿದೆ ಅನ್ನೋ ಹಸಿರು ಟಿಕ್ ನೋಡಿ ಕೂರಬೇಡಿ. 2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಡಲು ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಪ್ಪಾದ ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ದಿನದ ಬ್ಯಾಕಪ್ ಹುಡುಕಿದರೆ ಅದು ಆಗುತ್ತಲೇ ಇರಲಿಲ್ಲ, ಅದನ್ನು ಹೇಳುವ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಸುಮಾರು 6 ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ನಕಲು) ಇದ್ದದ್ದರಿಂದ ಬಚಾವಾದರು. ಕಂಪನಿಯೇ ಇದನ್ನೆಲ್ಲ ಬಹಿರಂಗವಾಗಿ ಬರೆದುಕೊಂಡಿತು, ಅದಕ್ಕೆ ನನ್ನ ಮೆಚ್ಚುಗೆ ಇದೆ.

ನೀವು ತಿಂಗಳಿಗೊಮ್ಮೆ ಹೊರಗಿನ ಕಾಪಿಯಿಂದ ಒಂದು ಕಂಪನಿಯ ಫೋಲ್ಡರ್ ಅನ್ನು ಬೇರೆ ಕಂಪ್ಯೂಟರಿಗೆ ಇಳಿಸಿ. ಟ್ಯಾಲಿಯಲ್ಲಿ ತೆರೆದು ಟ್ರಯಲ್ ಬ್ಯಾಲೆನ್ಸ್ ಹೊಂದುತ್ತಾ ನೋಡಿ, ಕೊನೆಯ ವೋಚರ್‌ನ ದಿನಾಂಕ ನೋಡಿ. ಆ ಕೆಲಸ ಅದೇ ಹುಡುಗನಿಗೇ ಕೊಡಿ. 10004 ಅಂದರೆ ಯಾವ ಕಂಪನಿ ಅಂತ ಇಡೀ ಕಚೇರಿಯಲ್ಲಿ ಈಗ ಅವನಿಗೇ ಚೆನ್ನಾಗಿ ಗೊತ್ತು.