ಲೀಸ್‌ಹೋಲ್ಡ್: ಭೋಗ್ಯವೋ, ಗುತ್ತಿಗೆಯೋ, ಮೂಲಗೇಣಿಯೋ?

ಎಲ್ಲರಿಗೂ ನಮಸ್ಕಾರ,

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡಿರುವ ನಮ್ಮವರಿಗೆ ಓದಲು ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಲೀಸ್‌ಹೋಲ್ಡ್ (ನೆಲ ಬೇರೆಯವರದಾಗಿದ್ದು, ಇಷ್ಟು ವರ್ಷಕ್ಕೆ ಅಂತ ಮನೆಯ ಹಕ್ಕು ಕೊಳ್ಳುವ ಪದ್ಧತಿ) ಮತ್ತು ಅದರ ಸುತ್ತಲಿನ ಕೆಲವು ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ತರಲು ನಿಮ್ಮ ಸಹಾಯ ಬೇಕು.

ಅಲ್ಲಿ 1965ರ ಕಾಯ್ದೆಯಿಂದ ಹುಟ್ಟಿದ ಕಾನೂನು ಆಯೋಗ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಳೇ ಕಾನೂನುಗಳನ್ನು ಕೆದಕಿ, ಜನರನ್ನು ಕೇಳಿ, ಎಲ್ಲಿ ಹೇಗೆ ತಿದ್ದಬೇಕು ಅಂತ ಹೇಳುವುದು ಅದರ ಕೆಲಸ. ಸ್ವತಂತ್ರ ಸಂಸ್ಥೆ, ಆದರೆ ತಿದ್ದುವುದು ಬಿಡುವುದು ಪಾರ್ಲಿಮೆಂಟಿಗೆ ಬಿಟ್ಟದ್ದು. ಲೀಸ್‌ಹೋಲ್ಡ್ ಬಗ್ಗೆ 2020ರ ಜುಲೈನಲ್ಲಿ ಮೂರು ವರದಿ ಕೊಟ್ಟಿತು. ಅದರಲ್ಲಿ ಒಂದಷ್ಟು 2024ರ ಕಾಯ್ದೆಯಲ್ಲಿ ಸೇರಿತು, ಲೀಸನ್ನು ಇನ್ನೂ 990 ವರ್ಷ ಬೆಳೆಸಿಕೊಳ್ಳುವ ಹಕ್ಕೂ ಸೇರಿ.

ಈಗ ತೊಡಕಿಗೆ ಬರುತ್ತೇನೆ. ಅಲ್ಲಿ ಲಕ್ಷಾಂತರ ಪೌಂಡ್ ಕೊಟ್ಟು ಫ್ಲ್ಯಾಟ್ ಕೊಂಡರೂ ಎಷ್ಟೋ ಸಲ ಸಿಗುವುದು 99 ಅಥವಾ 125 ವರ್ಷದ ಹಕ್ಕು ಮಾತ್ರ. ನೆಲ ಬೇರೆಯವರದು, ಹಕ್ಕು ವರ್ಷ ವರ್ಷ ಸವೆಯುತ್ತದೆ. ಇದಕ್ಕೆ ‘ಭೋಗ್ಯ’ ಅಂದರೆ ಬೆಂಗಳೂರಿನವರು ಮೊದಲು ಕೇಳುವುದೇ ‘ದುಡ್ಡು ವಾಪಸ್ ಯಾವಾಗ ಕೊಡ್ತಾರೆ?’ ಅಂತ. ‘ಗುತ್ತಿಗೆ’ ಅಂದರೆ ರಸ್ತೆ ಕಾಮಗಾರಿ ನೆನಪಾಗುತ್ತದೆ, ಅಲ್ವಾ?

ನನಗೆ ಹತ್ತಿರ ಅನಿಸಿದ್ದು ಮಂಗಳೂರು, ಉಡುಪಿ ಕಡೆಯ ಮೂಲಗೇಣಿ. ನೆಲ ಧಣಿಗಳದು, ಮನೆ ಕಟ್ಟಿಕೊಂಡವರದು, ಗೇಣಿ ಮೊದಲೇ ಗೊತ್ತುಮಾಡಿದ್ದು, ಹಕ್ಕು ಮಕ್ಕಳಿಗೂ ಹೋಗುತ್ತದೆ. ಮೂಲಗೇಣಿದಾರರಿಗೇ ಒಡೆತನ ಕೊಡಿಸಲು ನಮ್ಮಲ್ಲೂ 2011ರ ಕಾಯ್ದೆ ಬಂತು. ಕಥೆ ಹೆಚ್ಚೂ ಕಡಿಮೆ ಒಂದೇ. ಆದರೆ ಮೂಲಗೇಣಿಗೆ ಕೊನೆಯ ದಿನ ಅಂತ ಇಲ್ಲ, ಲೀಸ್‌ಹೋಲ್ಡ್‌ಗೆ ಇದೆ. ‘ಅವಧಿಗೇಣಿ’ ಅಂದರೆ ಹೇಗೆ? ನೆಲದ ಒಡೆಯನಿಗೆ ವರ್ಷ ವರ್ಷ ಕೊಡುವ ಗ್ರೌಂಡ್ ರೆಂಟಿಗೆ ‘ನೆಲಗೇಣಿ’ ಸಲೀಸಾಗಿ ಕೂರುತ್ತದೆ.

ಆ ನೆಲಗೇಣಿಯಲ್ಲೇ ಒಂದು ಮಜಾ ಇದೆ. 2022ರ ಜೂನ್ 30ರಿಂದ ಅಲ್ಲಿನ ಹೆಚ್ಚಿನ ಹೊಸ ದೀರ್ಘ ಲೀಸುಗಳಿಗೆ ವರ್ಷಕ್ಕೆ ಕೇಳಬಹುದಾದ ನೆಲಗೇಣಿ ಒಂದೇ ಒಂದು ಕಾಳುಮೆಣಸು. ಸುಮ್ನೆ ಹೇಳುತ್ತಿಲ್ಲ, ಕಾನೂನಿನಲ್ಲೇ ‘ಪೆಪ್ಪರ್‌ಕಾರ್ನ್’ ಅಂತಿದೆ. ಅಂದರೆ ಲೆಕ್ಕಕ್ಕೆ ಗೇಣಿ ಉಂಟು, ಕೈಯಿಂದ ಕಾಸು ಹೋಗುವುದಿಲ್ಲ. ‘ಸೊನ್ನೆ ಗೇಣಿ’ ಅಂತ ಬರೆದರೆ ಅರ್ಥವೇನೋ ಸಲೀಸು, ಆದರೆ ಮೆಣಸು ಬೆಳೆಯುವ ನಾಡಿನವರಾಗಿ ‘ಕಾಳುಮೆಣಸಿನ ಗೇಣಿ’ ಬಿಡಲು ಮನಸ್ಸಿಲ್ಲ.

ಇನ್ನೊಂದು, ‘ಮ್ಯಾರೇಜ್ ವ್ಯಾಲ್ಯೂ’. ಲೀಸಿನಲ್ಲಿ 80 ವರ್ಷಕ್ಕಿಂತ ಕಡಿಮೆ ಉಳಿದಾಗ ಅದನ್ನು ಬೆಳೆಸಿಕೊಂಡರೆ ಫ್ಲ್ಯಾಟ್ ಕೊಂಡವರದು, ನೆಲದ ಒಡೆಯನದು ಎರಡೂ ಹಕ್ಕುಗಳ ಒಟ್ಟು ಬೆಲೆ ಏರುತ್ತದಲ್ಲ, ಆ ಏರಿಕೆಯಲ್ಲಿ ಅರ್ಧ ನೆಲದ ಒಡೆಯನಿಗೆ ಹೋಗುತ್ತಿತ್ತು. 2024ರ ಕಾಯ್ದೆ ಇದನ್ನು ತೆಗೆಯಲು ಹೊರಟಿದೆ. ‘ಮದುವೆ ಮೌಲ್ಯ’ ಅಂದರೆ ಓದುವವರು ವರದಕ್ಷಿಣೆ ಅಂದುಕೊಂಡಾರು. ‘ಕೂಡುಬೆಲೆ’ ಸಾಕಾ?

ಕರಾವಳಿಯವರು, ಅದರಲ್ಲೂ ಹಳೇ ಗೇಣಿ ಚೀಟಿಗಳನ್ನು ನೋಡಿದವರು ದಯವಿಟ್ಟು ಹೇಳಿ: ವರ್ಷ ಗೊತ್ತುಮಾಡಿ ಕೊಟ್ಟ ಗೇಣಿಗೆ ಊರಲ್ಲಿ ಬೇರೆ ಹೆಸರೇನಾದರೂ ಇತ್ತಾ? ಇದ್ದರೆ ನನ್ನ ‘ಅವಧಿಗೇಣಿ’ ಬಿಟ್ಟು ಅದನ್ನೇ ಹಾಕುತ್ತೇನೆ.